ಸೂಜಿ ಕಲಿಸಿದೆವು, ಲೆಕ್ಕ ಕಲಿಸಲಿಲ್ಲ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ನನ್ನ ಕೈಗೊಂದು ಕುರ್ತಾ ಇಟ್ಟಳು. "ಸ್ಕೂಲಿಗೆ ಸೀರೆ ಇದ್ದೇ ಇದೆಯಲ್ಲ, ಟೂರಿಗೆ ಹೋಗುವಾಗ ಇದನ್ನು ಹಾಕ್ಕೋ ಅಮ್ಮ" ಎಂದಳು. ನನಗೊಂದು ಅಭ್ಯಾಸವಿದೆ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುತ್ತೇನೆ. ಓವರ್‌ಲಾಕ್ ನೀಟಾಗಿತ್ತು, ಕತ್ತಿನ ಪಟ್ಟಿ ಎಲ್ಲೂ ಸುಕ್ಕಾಗಿರಲಿಲ್ಲ. ಕತ್ತಿನ ಹಿಂದೆ ಪುಟ್ಟದೊಂದು ಚೀಟಿ, ಅದರ ಮೇಲೆ 'ಬೀಬಾ' ಎಂಬ ಹೆಸರು. "ಹಾಗಂದ್ರೆ ಏನೇ?" ಎಂದೆ. "ಪಂಜಾಬಿಯಲ್ಲಿ ಮುದ್ದಾದ ಹುಡುಗಿ ಅಂತ ಅರ್ಥವಂತೆ ಕಣಮ್ಮ" ಎಂದಳು.

ಆ ಹೆಸರಿನ ಹಿಂದೆ ಮೀನಾ ಬಿಂದ್ರಾ ಎಂಬ ಗೃಹಿಣಿ ಇದ್ದಾರೆ. ನೌಕಾಪಡೆಯ ಅಧಿಕಾರಿಯ ಹೆಂಡತಿ. ಬ್ಯಾಂಕಿನಿಂದ 8,000 ರೂಪಾಯಿ ಸಾಲ ತೆಗೆದು, ಮುಂಬಯಿಯ ತಮ್ಮ ಮನೆಯಲ್ಲೇ ಸಲ್ವಾರ್ ಕಮೀಜುಗಳನ್ನು ಮಾರಲು ತೊಡಗಿದವರು. 1988ರಲ್ಲಿ ಅದು ಬೀಬಾ ಆಯಿತು. ಇದನ್ನು ಹೇಳಿದ ಮಗಳು, "ಇದೇ ಹೆಸರಿನ ಇನ್ನೊಂದು ಅಂಗಡಿ ಮೊದಲು ಲಂಡನ್ನಿನಲ್ಲಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರ ಕಥೆ ನೀನು ಓದಬೇಕು" ಎಂದು ಸೇರಿಸಿದಳು. ರಜೆಯಲ್ಲಿ ಓದಿದೆ. ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಿದ್ದೆ ಕೆಡಿಸಿದ್ದು ಲಂಡನ್ನಿನ ಬೀದಿಯಲ್ಲ, ನಮ್ಮೂರಿನ ಬಸ್‌ಸ್ಟ್ಯಾಂಡ್ ರಸ್ತೆ. ಆದ್ದರಿಂದ ಮೊದಲು ನಮ್ಮೂರಿನ ಮಾತು ಹೇಳಿ ಆಮೇಲೆ ಲಂಡನ್ನಿಗೆ ಹೋಗುತ್ತೇನೆ.

ನಾನು ಬಾಲಕಿಯರ ಪ್ರೌಢಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುವವಳು. ನಮ್ಮಲ್ಲಿದ್ದ ಹೊಲಿಗೆ ಟೀಚರು ನಿವೃತ್ತರಾದ ಮೇಲೆ ಆ ಜಾಗ ತುಂಬಲಿಲ್ಲ. "ನಿಮಗೆ ಹೊಲಿಗೆ ಬರುತ್ತಲ್ಲ, ನೀವೇ ನೋಡಿಕೊಳ್ಳಿ" ಎಂದು ಹೆಡ್‌ಮಾಸ್ಟರು ಆ ಪೀರಿಯಡ್ಡನ್ನು ನನ್ನ ತಲೆಗೆ ಕಟ್ಟಿದರು. ವಾರಕ್ಕೆರಡು ದಿನ ಮಕ್ಕಳಿಗೆ ಹೆಮ್ಮಿಂಗು, ಕಾಜ, ಹುಕ್ಕು, ಸರಪಳಿ ಹೊಲಿಗೆ ಹೇಳಿಕೊಟ್ಟಿದ್ದೇನೆ. 2003ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಬ್ಯಾಚಿನಲ್ಲಿ ಒಬ್ಬ ಹುಡುಗಿಯಿದ್ದಳು. ಹೆಸರು ಬೇಡ. ಅವಳ ಕೈಯಲ್ಲಿ ಕತ್ತರಿ ಓಡುವುದನ್ನು ನೋಡಲು ನಾನು ಪಾಠ ನಿಲ್ಲಿಸಿ ನಿಲ್ಲುತ್ತಿದ್ದೆ. ಓದಿನಲ್ಲಿ ಸುಮಾರು. ಅವಳ ತಾಯಿ ಬಂದು ಅತ್ತಾಗ, "ಹೋಗಲಿ ಬಿಡಿ, ಹೊಲಿಗೆಗಾದರೂ ಹಾಕಿ" ಎಂದಿದ್ದೆ. ಆ 'ಆದರೂ' ಎಂಬ ಮಾತಿಗೆ ಈಗ ನಾಚಿಕೆಯಾಗುತ್ತದೆ.

ಅವಳು ಕಲಿತಳು, ಮದುವೆಯಾದಳು. 2010ರಲ್ಲಿ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅಂಗಡಿ ತೆರೆದಳು. ರವಿಕೆ ಹೊಲಿಯುವ ಅಂಗಡಿ ಎಂದು ನಾವಂದರೆ ಅವಳು 'ಬೊಟಿಕ್' ಎಂದು ಬೋರ್ಡು ಬರೆಸಿದ್ದಳು. ಆ ಹೆಸರಿಗೆ ತಕ್ಕ ಕೆಲಸವೂ ಇತ್ತು. ಸೀರೆ ತಂದುಕೊಟ್ಟರೆ ಅದರ ಅಂಚು ನೋಡಿ ತೋಳು ಹೀಗಿರಲಿ, ಕತ್ತು ಹೀಗಿರಲಿ ಎಂದು ಚಿತ್ರ ಬರೆದು ತೋರಿಸುತ್ತಿದ್ದಳು. ಕುಚ್ಚಿಗೆ, ಆರಿ ಕೆಲಸಕ್ಕೆ ನಾಲ್ಕು ಹೆಣ್ಣುಮಕ್ಕಳನ್ನು ಇಟ್ಟುಕೊಂಡಿದ್ದಳು. ಗೌರಿ ಹಬ್ಬಕ್ಕೆ ಒಂದು ತಿಂಗಳ ಮೊದಲೇ ಕೊಡದಿದ್ದರೆ ಬಟ್ಟೆ ಮುಟ್ಟುತ್ತಿರಲಿಲ್ಲ. ಅಂಗಡಿಗೆ ತನ್ನ ಮಗಳ ಹೆಸರನ್ನೇ ಇಟ್ಟಿದ್ದಳು.

ಅಂಗಡಿ ಪೂಜೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದಳು: "ಟೀಚರ್, ಬಾಡಿಗೆ ಕರಾರು, ಪುರಸಭೆ ಲೈಸೆನ್ಸು ಎಲ್ಲ ಭಾವನ ಹೆಸರಲ್ಲೇ ಮಾಡಿಸ್ತಿದಾರೆ. ಪರವಾಗಿಲ್ವಾ?" ನಾನು, ಬಿಎ ಬಿಎಡ್ ಮಾಡಿ, ಸಂವಿಧಾನದ ಮೂಲಭೂತ ಹಕ್ಕುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾನು, ನಕ್ಕು ಹೇಳಿದೆ: "ಮನೆಯವರದೇ ಅಲ್ವೇನಮ್ಮ, ಯಾರ ಹೆಸರಲ್ಲಿದ್ದರೇನು?"

ಹನ್ನೊಂದು ವರ್ಷ ಕಳೆಯಿತು. 2021ರಲ್ಲಿ ಅಣ್ಣತಮ್ಮಂದಿರು ಪಾಲಾದರು. ಪಾಲುಪತ್ರದಲ್ಲಿ ಆ ಅಂಗಡಿ ಭಾವನ ಪಾಲಿಗೆ ಹೋಯಿತು. ಅವಳ ಗಂಡ, "ಅಣ್ಣನ ಹತ್ರ ಜಗಳ ಯಾಕೆ" ಎಂದು ಸುಮ್ಮನಾದ. ದಿನಾ ಕಟ್ಟುತ್ತಿದ್ದ ಪಿಗ್ಮಿ ದುಡ್ಡು ಅವಳದು, ಪುಸ್ತಕದ ಮೇಲಿನ ಹೆಸರು ಭಾವನದು. ಅಂಗಡಿ ಇವತ್ತಿಗೂ ಅದೇ ಬೋರ್ಡಿನಲ್ಲಿ ನಡೆಯುತ್ತಿದೆ. ಒಳಗೆ ಮಿಷನ್ ಮುಂದೆ ಕೂರುವವರು ಬೇರೆ. ಅವಳು ನಮ್ಮ ಮನೆಗೆ ಬಂದು ಕೂತು ಹೇಳಿದ ಮಾತು ಇದು: "ಆ ಅಂಗಡಿ ನಂದು ಅಂತ ಹೇಳೋಕೆ ನನ್ನ ಹತ್ರ ಒಂದು ಕಾಗದದ ಚೂರೂ ಇಲ್ಲ ಟೀಚರ್. ಮಗಳು ಆ ರಸ್ತೇಲಿ ಹೋಗುವಾಗ ಬೋರ್ಡ್ ಓದ್ತಾಳೆ. ಅವಳ ಹೆಸರೇ ಅಲ್ವಾ."

ಈಗ ಲಂಡನ್ನಿನ ಬೀಬಾ ನನ್ನ ನಿದ್ದೆ ಯಾಕೆ ಕೆಡಿಸಿತು ಎಂದು ಹೇಳುತ್ತೇನೆ, ಕೇಳಿ.

ಬಾರ್ಬರಾ ಹುಲಾನಿಕ್ಕಿ ಹುಟ್ಟಿದ್ದು 1936ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ತಂದೆ ರಾಜತಾಂತ್ರಿಕ ಅಧಿಕಾರಿ. ಅವರು 1948ರಲ್ಲಿ ಜೆರೂಸಲೇಮಿನಲ್ಲಿ ಕೊಲೆಯಾದರು. ಹೆಂಡತಿ ಮಕ್ಕಳು ಇಂಗ್ಲೆಂಡಿನ ಬ್ರೈಟನ್ ಎಂಬ ಸಮುದ್ರತೀರದ ಊರಿಗೆ ಬಂದು ಸೇರಿದರು. ಹಣವಂತೆ ಚಿಕ್ಕಮ್ಮ ಸೋಫಿಯ ಆಸರೆ. ಚಿಕ್ಕಮ್ಮನ ಹಳೆಯ ಕಾಲದ ಉಡುಪು, ಆ ಮಂಕು ಬಣ್ಣಗಳು ಹುಡುಗಿಗೆ ಆಗ ಹಿಡಿಸುತ್ತಿರಲಿಲ್ಲ. ವಿಚಿತ್ರ ನೋಡಿ, ಮುಂದೆ ಲೋಕವೆಲ್ಲ ಮುಗಿಬಿದ್ದು ಕೊಂಡದ್ದು ಅವೇ ಬಣ್ಣಗಳನ್ನು. ಹುಡುಗಿ ಬ್ರೈಟನ್ನಿನ ಕಲಾಶಾಲೆಯಲ್ಲಿ ಓದಿದಳು. 1955ರಲ್ಲಿ ಲಂಡನ್ನಿನ ಸಂಜೆಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಕಡಲತೀರದ ಉಡುಪಿಗೆ ಬಹುಮಾನ ಗೆದ್ದಳು. ಆಮೇಲೆ ಪತ್ರಿಕೆಗಳಿಗೆ ಫ್ಯಾಷನ್ ಚಿತ್ರ ಬರೆದುಕೊಡುವ ಕೆಲಸ. ದೊಡ್ಡ ದೊಡ್ಡ ವಿನ್ಯಾಸಕರ ಉಡುಪುಗಳನ್ನು ನೋಡಿ ನೋಡಿ ಬರೆದಳು. ತನ್ನಂಥ ಸಂಬಳದ ಹುಡುಗಿಯರು ಯಾರೂ ಅವನ್ನು ಕೊಳ್ಳಲಾರರು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಗಂಡ ಸ್ಟೀಫನ್ ಫಿಟ್ಜ್-ಸೈಮನ್ ಜಾಹೀರಾತು ಕಂಪನಿಯಲ್ಲಿದ್ದವನು. ಇಬ್ಬರೂ ಸೇರಿ ಅಂಚೆಯಲ್ಲಿ ಬಟ್ಟೆ ಮಾರುವ ಸಣ್ಣ ವ್ಯಾಪಾರ ಶುರು ಮಾಡಿದರು. ಅದಕ್ಕೆ ಹೆಸರು ಬೇಕಾಯಿತು. ಬಾರ್ಬರಾಳ ತಂಗಿ ಬಿರೂಟಾಳನ್ನು ಮನೆಯಲ್ಲಿ ಮುದ್ದಿನಿಂದ ಬೀಬಾ ಎನ್ನುತ್ತಿದ್ದರು. ಆ ಹೆಸರನ್ನೇ ಇಟ್ಟರು.

1964ರ ಮೇ ತಿಂಗಳಿನಲ್ಲಿ ಡೈಲಿ ಮಿರರ್ ಪತ್ರಿಕೆಯಲ್ಲಿ ಅವಳ ಒಂದು ಫ್ರಾಕಿನ ಚಿತ್ರ ಬಂತು. ಗುಲಾಬಿ ಚೌಕಳಿ ಬಟ್ಟೆಯದು, ತೋಳಿಲ್ಲದ್ದು, ಜೊತೆಗೆ ತಲೆಗೆ ಕಟ್ಟಲು ಅದೇ ಬಟ್ಟೆಯ ವಸ್ತ್ರ. ಬೆಲೆ 25 ಶಿಲಿಂಗ್. ಆಗ ಪೌಂಡಿಗೆ 20 ಶಿಲಿಂಗ್ ಇತ್ತು, ಅಂದರೆ ಒಂದೂಕಾಲು ಪೌಂಡು. ಬಂದ ಆರ್ಡರುಗಳು 17,000! ಗುಣಿಸಿ ನೋಡಿದೆ, 21,250 ಪೌಂಡುಗಳ ವ್ಯಾಪಾರ. ಒಂದು ಫ್ರಾಕಿನಿಂದ! ಹಬ್ಬದ ಮುಂಚೆ ಐವತ್ತು ರವಿಕೆ ಬಂದರೇ ನಮ್ಮೂರಿನ ಟೈಲರುಗಳು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೆನ್ಸಿಂಗ್ಟನ್ನಿನ ಅಬಿಂಗ್ಡನ್ ರಸ್ತೆಯಲ್ಲಿ, ಹಿಂದೆ ಔಷಧಿ ಅಂಗಡಿಯಾಗಿದ್ದ ಕಟ್ಟಡದಲ್ಲಿ, ಬೀಬಾ ಅಂಗಡಿ ತೆರೆಯಿತು. ಬಾಗಿಲು ತೆರೆದ ಬೆಳಿಗ್ಗೆಯೇ ಇದ್ದಬದ್ದ ಉಡುಪೆಲ್ಲ ಖಾಲಿಯಾಯಿತು. ಒಳಗೆ ಮಂದ ಬೆಳಕು, ಜೋರಾದ ಸಂಗೀತ. ಟೋಪಿ ತೂಗುಹಾಕುವ ಹಳೆಯ ಮರದ ಸ್ಟ್ಯಾಂಡುಗಳ ಮೇಲೆ ಬಟ್ಟೆಗಳು. ಬಟ್ಟೆ ಬದಲಾಯಿಸಲು ಎಲ್ಲರಿಗೂ ಸೇರಿ ಒಂದೇ ಕೋಣೆ. ಆಫೀಸಿನಲ್ಲಿ ಟೈಪು ಮಾಡುವ ಹುಡುಗಿ ಕೊಳ್ಳುವ ಫ್ರಾಕನ್ನೇ ಸಿನಿಮಾ ನಟಿಯೂ ಕೊಳ್ಳುತ್ತಿದ್ದಳು. ಅವಳ ಕತ್ತರಿಯ ಗುಟ್ಟು ಕಂಕುಳಲ್ಲಿತ್ತು. ಕಂಕುಳನ್ನು ಎತ್ತರಿಸಿ ಬಿಗಿಯಾಗಿಸುವುದು, ತೋಳನ್ನು ಕಿರಿದಾಗಿ ಉದ್ದಕ್ಕೆ ಇಳಿಸುವುದು. ಹೊಲಿಗೆ ಬಲ್ಲವರಿಗೆ ಗೊತ್ತು, ಕಂಕುಳು ಸರಿಯಾಗಿ ಕೂತರೆ ಅರ್ಧ ಗೆದ್ದ ಹಾಗೆ. ಅಲ್ಲಿ ಕತ್ತರಿ ತಪ್ಪಿದರೆ ಯಾವ ಡಿಸೈನೂ ಕಾಪಾಡುವುದಿಲ್ಲ.

ಅಂಗಡಿ ಬೆಳೆಯಿತು. ಮೊದಲು ಕೆನ್ಸಿಂಗ್ಟನ್ ಚರ್ಚ್ ರಸ್ತೆಗೆ ಹೋಯಿತು, 1969ರಲ್ಲಿ ಕೆನ್ಸಿಂಗ್ಟನ್ ಹೈ ರಸ್ತೆಗೆ. ಇಲ್ಲಿಯವರೆಗೆ ಓದಿದರೆ ಇದು ನಮ್ಮ ವಾರಪತ್ರಿಕೆಗಳಲ್ಲಿ ಬರುವ 'ಯಶಸ್ವೀ ಮಹಿಳೆ' ಅಂಕಣದ ಕಥೆ. ಅಂಥ ಅಂಕಣಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ಫೋಟೋ, ಹಾರ, ಸನ್ಮಾನ. ಅದರ ಮುಂದಿನ ಪುಟವನ್ನು ನಮಗೆ ಯಾರೂ ಓದಿ ಹೇಳುವುದಿಲ್ಲ.

ಮುಂದಿನ ಪುಟ ಇದು. ಬೆಳೆಯಲು ದುಡ್ಡು ಬೇಕಿತ್ತು. ದುಡ್ಡಿದ್ದವರು ಬಂದರು. ಡೊರೊತಿ ಪರ್ಕಿನ್ಸ್ ಎಂಬ ದೊಡ್ಡ ಬಟ್ಟೆ ಕಂಪನಿಯೂ ಡೆನ್ನಿಸ್ ಡೇ ಎಂಬ ಇನ್ನೊಂದು ಕಂಪನಿಯೂ ಸೇರಿ ಬೀಬಾದ ನೂರಕ್ಕೆ 75 ಪಾಲು ತೆಗೆದುಕೊಂಡವು. ಗಂಡ ಹೆಂಡತಿಗೆ ಉಳಿದದ್ದು 25. 1973ರಲ್ಲಿ ಡೊರೊತಿ ಪರ್ಕಿನ್ಸನ್ನೇ ಬ್ರಿಟಿಷ್ ಲ್ಯಾಂಡ್ ಎಂಬ ಕಟ್ಟಡ ಜಮೀನಿನ ಕಂಪನಿ ಕೊಂಡಿತು. ಹೀಗೆ ಬಾರ್ಬರಾ ಆರಿಸದ, ಬಟ್ಟೆಯ ಒಳಮಗ್ಗುಲು ಹೊರಮಗ್ಗುಲು ತಿಳಿಯದ ಕಂಪನಿಯೊಂದು ಅವಳಿಗೆ ಯಜಮಾನನಾಯಿತು. ಅವಳು ಯಾರಿಗೆ ಮಾರಿದ್ದಳೋ ಅವರನ್ನೇ ಬೇರೆಯವರು ಕೊಂಡರೆ ಅವಳು ಮಾಡುವುದೇನು?

ಅದೇ 1973ರಲ್ಲಿ ಹೈ ರಸ್ತೆಯ ಏಳು ಅಂತಸ್ತಿನ ಹಳೆಯ ಅಂಗಡಿ ಕಟ್ಟಡದಲ್ಲಿ 'ಬಿಗ್ ಬೀಬಾ' ತೆರೆಯಿತು. ಮಹಡಿಯ ಮೇಲೆ ತೋಟ, ತೋಟದಲ್ಲಿ ಫ್ಲೆಮಿಂಗೋ ಹಕ್ಕಿಗಳು. ಬಟ್ಟೆ, ಬಣ್ಣ, ಪೀಠೋಪಕರಣ, ಕೊನೆಗೆ ಬೇಯಿಸಿದ ಬೀನ್ಸಿನ ಡಬ್ಬಿಯ ಮೇಲೂ ಬೀಬಾ ಎಂಬ ಮುದ್ರೆ. ಕಣ್ಣು ತುಂಬ ನೋಡಿಹೋಗುವವರು ಲೆಕ್ಕವಿಲ್ಲದಷ್ಟು, ಕೊಳ್ಳುವವರು ಅಷ್ಟಿಲ್ಲ. ಕಳ್ಳತನ ಬೇರೆ. ಕಾಲವೂ ಕೆಟ್ಟಿತು. ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ ಸಮಯ. 1974ರ ಮೊದಲ ತಿಂಗಳುಗಳಲ್ಲಿ ಇಂಗ್ಲೆಂಡಿನಲ್ಲಿ ವಾರಕ್ಕೆ ಮೂರೇ ದಿನ ಕಾರ್ಖಾನೆಗಳಿಗೆ ವಿದ್ಯುತ್ತು. ಕಂಪನಿಯ ಆಡಳಿತ ಮಂಡಳಿಗೂ ಬಾರ್ಬರಾಳಿಗೂ ಜಟಾಪಟಿ ಶುರುವಾಯಿತು. ಅಂಗಡಿ ಹೇಗಿರಬೇಕೆಂದು ಹೇಳುವ ಅಧಿಕಾರ ಅವಳ ಕೈತಪ್ಪಿತು. ಅವಳು ಹೊರಬಂದಳು. 1975ರಲ್ಲಿ ಕಂಪನಿ ಅಂಗಡಿಗೆ ಬೀಗ ಹಾಕಿತು.

ಅಂಗಡಿ ಹೋದರೆ ಇನ್ನೊಂದು ಅಂಗಡಿ ಇಡಬಹುದು. ಆದರೆ ಹೆಸರು? ಬೀಬಾ ಎಂಬ ಹೆಸರೂ ಅವಳದಾಗಿ ಉಳಿಯಲಿಲ್ಲ. ತಂಗಿಯ ಮುದ್ದಿನ ಹೆಸರು! ಅವಳು ಬ್ರೆಜಿಲ್ಲಿಗೆ ಹೋದಳು, ಲಂಡನ್ನಿಗೆ ಹಿಂತಿರುಗಿದಳು, 1983ರಲ್ಲಿ ಆತ್ಮಕಥೆ ಬರೆದಳು, 1987ರಲ್ಲಿ ಅಮೆರಿಕಾದ ಮಯಾಮಿಗೆ ಹೋಗಿ ಹೋಟೆಲುಗಳ ಒಳಾಂಗಣ ವಿನ್ಯಾಸ ಮಾಡಿ ಮತ್ತೆ ಹೆಸರು ಗಳಿಸಿದಳು. ಇತ್ತ ಬೀಬಾ ಎಂಬ ಹೆಸರು ಕೈಯಿಂದ ಕೈಗೆ ಹೋಯಿತು. 2006ರಲ್ಲಿ ಅವಳಿಲ್ಲದೆಯೇ ಬೀಬಾ ಉಡುಪುಗಳು ಮತ್ತೆ ಬಂದವು. 2009ರಲ್ಲಿ ಹೌಸ್ ಆಫ್ ಫ್ರೇಸರ್ ಎಂಬ ಕಂಪನಿ ಆ ಹೆಸರನ್ನು ಕೊಂಡಿತು. 2012ರಲ್ಲಿ ಬ್ರಿಟನ್ ಸರ್ಕಾರ ಬಾರ್ಬರಾಳಿಗೆ ಓಬಿಇ ಬಿರುದು ಕೊಟ್ಟು ಗೌರವಿಸಿತು. 2014ರಲ್ಲಿ ಬೀಬಾ ಅವಳನ್ನು ಕರೆಯಿತು. ಏನಾಗಿ ಎಂದುಕೊಂಡಿರಿ? ಸಲಹೆಗಾರ್ತಿಯಾಗಿ! ಹೆತ್ತ ತಾಯಿಯನ್ನು ಮಗುವಿನ ಮನೆಗೆ ಅತಿಥಿಯಾಗಿ ಕರೆದಂತೆ.

ಬಸ್‌ಸ್ಟ್ಯಾಂಡ್ ರಸ್ತೆಯ ಆ ಬೋರ್ಡು ನನ್ನ ಕಣ್ಣ ಮುಂದೆ ಬಂದು ನಿಂತದ್ದು ಇದನ್ನು ಓದಿದಾಗಲೇ.

ಇಂಥ ಕಥೆ ಹೇಳಿದಾಗಲೆಲ್ಲ ಒಂದು ಮಾತು ಬರುತ್ತದೆ. "ಹೆಂಗಸರಿಗೆ ಕೈಕೆಲಸ ಬರುತ್ತೆ, ವ್ಯವಹಾರ ಬರಲ್ಲ." ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಬಾರ್ಬರಾಳ ಕಥೆ ಹೇಳಿದಾಗ ಸಹೋದ್ಯೋಗಿಯೊಬ್ಬರು ಟೀ ಕುಡಿಯುತ್ತ ಇದನ್ನೇ ಹೇಳಿದರು. ನಾನು ಕೇಳಿದೆ: "ಸಾರ್, ಅವಳ ಅಂಗಡಿಯ ವ್ಯವಹಾರ ನೋಡುತ್ತಿದ್ದವನು ಅವಳ ಗಂಡ. ಜಾಹೀರಾತು ಕಂಪನಿಯಲ್ಲಿ ಪಳಗಿದವನು. ಅವನೂ ಕಳೆದುಕೊಂಡನಲ್ಲ? ಹಾಗಾದರೆ ಗಂಡಸರಿಗೂ ವ್ಯವಹಾರ ಬರಲ್ಲ ಅನ್ನಬಹುದಾ?" ಅವರು ಟೀ ಲೋಟ ಕೆಳಗಿಟ್ಟರು. ಅಲ್ಲಿ ಸೋತದ್ದು ಬುದ್ಧಿಯಲ್ಲ. ಕಾಗದದ ಮೇಲೆ 25 ಎಂದು ಬರೆದಿದ್ದವರು 75 ಎಂದು ಬರೆದಿದ್ದವರ ಮುಂದೆ ಸೋತರು, ಅಷ್ಟೆ. ಆ ಕಾಗದದ ಮುಂದೆ ಗಂಡಸು ಹೆಂಗಸು ಎಂಬ ಭೇದವಿಲ್ಲ. ಭೇದ ಇರುವುದು ಬೇರೆ ಕಡೆ. ಆ ಕಾಗದವನ್ನು ಓದಲು ಗಂಡುಮಕ್ಕಳಿಗೆ ಯಾರಾದರೂ ಒಬ್ಬರು ಎಲ್ಲಾದರೂ ಕಲಿಸುತ್ತಾರೆ. ಹೆಣ್ಣುಮಕ್ಕಳ ಕೈಗೆ ನಾವು ಸೂಜಿ ಕೊಟ್ಟು, "ಕಾಗದ ಅವರು ನೋಡ್ಕೋತಾರೆ" ಎನ್ನುತ್ತೇವೆ.

ಇದು ಬಾರ್ಬರಾ ಒಬ್ಬಳ ಕಥೆಯೂ ಅಲ್ಲ. ಕೊಕೊ ಶನೆಲ್ ಹೆಸರನ್ನು ಅತ್ತರಿನ ಬಾಟಲಿಯ ಮೇಲೆ ನೋಡದವರು ಕಡಿಮೆ. 1924ರಲ್ಲಿ ಆ ಅತ್ತರಿಗಾಗಿ ಕಂಪನಿ ಮಾಡಿದಾಗ ಬಂಡವಾಳ ಹಾಕಿದ ವರ್ತೈಮರ್ ಸಹೋದರರಿಗೆ ನೂರಕ್ಕೆ 70 ಪಾಲು, ನಡುವೆ ನಿಂತು ಪರಿಚಯ ಮಾಡಿಸಿದ ಅಂಗಡಿ ಮಾಲೀಕನಿಗೆ 20. ಯಾರ ಹೆಸರನ್ನು ಬಾಟಲಿಯ ಮೇಲೆ ಬರೆದರೋ ಅವಳಿಗೆ 10! ಆ ಒಂದು ಸಹಿಗಾಗಿ ಅವಳು ಹಲವು ವರ್ಷ ಜಗಳವಾಡಿದಳು. ನಮ್ಮ ದೇಶದ ರಿತು ಕುಮಾರ್ ಅವರನ್ನೂ ನೋಡಿ. 1960ರ ದಶಕದ ಕೊನೆಯಲ್ಲಿ ಕೋಲ್ಕತ್ತದ ಹತ್ತಿರದ ಹಳ್ಳಿಯಲ್ಲಿ ಮರದ ಅಚ್ಚಿನಿಂದ ಬಟ್ಟೆಗೆ ಬಣ್ಣ ಒತ್ತುವ ನಾಲ್ಕು ಜನ ಕುಶಲಕರ್ಮಿಗಳೊಂದಿಗೆ ಕೆಲಸ ಶುರು ಮಾಡಿದವರು. ಬೊಟಿಕ್ ಎಂಬ ಮಾತನ್ನು ಈ ದೇಶದಲ್ಲಿ ಚಾಲ್ತಿಗೆ ತಂದವರಲ್ಲಿ ಅವರೂ ಒಬ್ಬರು. 2013ರಲ್ಲಿ ಪದ್ಮಶ್ರೀ ಬಂತು. 2021ರಲ್ಲಿ ಅವರ ಕಂಪನಿಯ ನೂರಕ್ಕೆ 52 ಪಾಲು ರಿಲಯನ್ಸ್ ಕೈಗೆ ಹೋಯಿತು. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ. ಐವತ್ತು ವರ್ಷ ದುಡಿದವರು ತಮ್ಮ ದುಡಿಮೆಯನ್ನು ತಿಳಿದು ಮಾರುವುದು ಅವರ ಹಕ್ಕು. ಮಾರಬೇಕಾದರೂ ಮೊದಲು ಅದು ತನ್ನದಾಗಿರಬೇಕಲ್ಲ? ನನ್ನ ವಿದ್ಯಾರ್ಥಿನಿಗೆ ಮಾರಲು ಕೂಡ ಏನೂ ಇರಲಿಲ್ಲ.

"ಅಷ್ಟು ಪಾಲು ಕೊಡದಿದ್ದರೆ ಅವಳು ಬೆಳೆಯುತ್ತಲೇ ಇರಲಿಲ್ಲ" ಎನ್ನುವವರೂ ಇದ್ದಾರೆ. ನಿಜವಿರಬಹುದು. ಅಬಿಂಗ್ಡನ್ ರಸ್ತೆಯ ಆ ಸಣ್ಣ ಅಂಗಡಿ ಸಣ್ಣದಾಗಿಯೇ ಉಳಿಯುತ್ತಿತ್ತೇನೋ. ಆದರೆ ಏಳು ಅಂತಸ್ತಿನ ಅಂಗಡಿ ನಡೆದದ್ದು ಎರಡು ವರ್ಷ. ಸಣ್ಣ ಅಂಗಡಿಯನ್ನು ನಾವು ಯಾಕೆ ಅಷ್ಟು ಹಗುರವಾಗಿ ಕಾಣುತ್ತೇವೆ? ನಾಲ್ಕು ಜನಕ್ಕೆ ಸಂಬಳ ಕೊಟ್ಟು, ಮಕ್ಕಳ ಫೀಸು ಕಟ್ಟಿ, ಯಾರ ಮುಂದೆಯೂ ಕೈಚಾಚದೆ ನಡೆಯುವ ಅಂಗಡಿ ಸೋತ ಅಂಗಡಿಯೇ? ಬೆಳೆಯಬೇಡಿ ಎಂದಲ್ಲ. ಬೆಳೆಯಲು ಏನು ಕೊಡುತ್ತಿದ್ದೇವೆ ಎಂದು ಓದಿ ಸಹಿ ಮಾಡಿ ಎನ್ನುತ್ತೇನೆ. ನೂರರಲ್ಲಿ ಐವತ್ತು ದಾಟಿ ಕೊಟ್ಟ ದಿನ ಅಂಗಡಿಯ ಬೀಗದ ಕೈ ಕೊಟ್ಟ ಹಾಗೆ. ಇದನ್ನು ತಿಳಿಯಲು ಎಂಬಿಎ ಬೇಕಿಲ್ಲ, ಏಳನೇ ತರಗತಿಯ ಶೇಕಡಾವಾರು ಲೆಕ್ಕ ಸಾಕು. ಆ ಲೆಕ್ಕದಲ್ಲಿ ನಮ್ಮ ಹುಡುಗಿಯರು ನೂರಕ್ಕೆ ನೂರು ತೆಗೆಯುತ್ತಾರೆ. ಅದು ತಮ್ಮ ಬದುಕಿನ ಲೆಕ್ಕ ಎಂದು ಮಾತ್ರ ನಾವು ಅವರಿಗೆ ಹೇಳುವುದಿಲ್ಲ.

ಇನ್ನೊಂದು ಆಕ್ಷೇಪಣೆ ನಮ್ಮ ಮನೆಗಳ ಒಳಗಿಂದಲೇ ಬರುತ್ತದೆ, ಅದು ನನ್ನ ಬಾಯಿಂದಲೇ ಬಂದದ್ದು. "ಮನೆಯವರದೇ ಅಲ್ಲವೇ, ಯಾರ ಹೆಸರಲ್ಲಿದ್ದರೇನು?" ಕೇಳಲು ಎಷ್ಟು ಸೊಗಸಾದ ಮಾತು! ತ್ಯಾಗ, ನಂಬಿಕೆ, ಕೂಡುಕುಟುಂಬ ಎಲ್ಲ ಇದೆ ಅದರಲ್ಲಿ. ಆದರೆ ಒಂದು ಪ್ರಶ್ನೆ. ಯಾರ ಹೆಸರಲ್ಲಿದ್ದರೂ ಒಂದೇ ಎನ್ನುವುದಾದರೆ ಅದು ಅವಳ ಹೆಸರಲ್ಲೇ ಯಾಕಿರಬಾರದು? ಈ ಮಾತನ್ನು ಭಾವನಿಗೆ ಯಾರಾದರೂ ಹೇಳಿದ್ದಾರಾ? "ಮನೆಯವಳದೇ ಅಲ್ಲವೇನಪ್ಪ, ಅವಳ ಹೆಸರಲ್ಲೇ ಇರಲಿ" ಎಂದು? ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ನಾನು ಕೇಳಿಲ್ಲ. ಹಾಗಾದರೆ ಇದು ನಂಬಿಕೆಯ ಮಾತಲ್ಲ, ಅಭ್ಯಾಸದ ಮಾತು. ಕಾಗದ ಸರಿಯಿದ್ದರೆ ಸಂಬಂಧ ಕೆಡುತ್ತದೆ ಎನ್ನುವುದೂ ಸುಳ್ಳು. ಆ ಮನೆಯಲ್ಲಿ ಕಾಗದ ಅವಳ ಹೆಸರಲ್ಲಿದ್ದಿದ್ದರೆ ಪಾಲಿನ ಮಾತು ಅಂಗಡಿಯ ಬಾಗಿಲಿಗೇ ಬರುತ್ತಿರಲಿಲ್ಲ. ಇವತ್ತು ಎರಡು ಮನೆಯವರು ಮುಖ ನೋಡುವುದನ್ನೂ ಬಿಟ್ಟಿದ್ದಾರೆ.

ತಪ್ಪು ನನ್ನದೂ ಇದ್ದುದರಿಂದ ತಿದ್ದುವ ಕೆಲಸವನ್ನು ನನ್ನ ಪೀರಿಯಡ್ಡಿನಿಂದಲೇ ಆರಂಭಿಸಿದೆ. ಈಗ ನನ್ನ ಹೊಲಿಗೆ ತರಗತಿಯಲ್ಲಿ ಸೂಜಿದಾರದ ಡಬ್ಬಿಯ ಜೊತೆ ಒಂದು ಗೆರೆ ಪುಸ್ತಕ ಇರಲೇಬೇಕು. ಜನವರಿಯಲ್ಲಿ ಒಂಬತ್ತನೇ ತರಗತಿಯವರಿಗೆ ಹೇಳಿದೆ: "ಒಂದು ರವಿಕೆ ಹೊಲಿಯಲು ಏನೇನು ಖರ್ಚು, ಬರೆದು ತನ್ನಿ." ಅಸ್ತರಿನ ಬಟ್ಟೆ, ದಾರ, ಹುಕ್ಕು, ಕರೆಂಟು, ಅಂಗಡಿ ಬಾಡಿಗೆಯ ಪಾಲು, ಎಲ್ಲ ಬರೆದುಕೊಂಡು ಬಂದರು. ಒಬ್ಬಳಂತೂ ಸೂಜಿ ಮುರಿದರೆ ಎಂದು ಎರಡು ರೂಪಾಯಿ ಸೇರಿಸಿದ್ದಳು. ಮೂವತ್ತೆಂಟು ಪುಸ್ತಕ ನೋಡಿದೆ. ಮೂವತ್ತೆಂಟರಲ್ಲೂ ಒಂದು ಸಾಲು ಇರಲಿಲ್ಲ. "ಹೊಲಿಯುವವಳ ಕೂಲಿ ಎಲ್ಲಿ?" ಎಂದೆ. ಮೊದಲ ಬೆಂಚಿನ ಹುಡುಗಿ ಎದ್ದು ನಿಂತು, ನಿಜವಾಗಿಯೂ ಅರ್ಥವಾಗದೆ ಕೇಳಿದಳು: "ನನಗ್ಯಾಕೆ ಕೂಲಿ ಟೀಚರ್? ನಾನೇ ತಾನೆ ಹೊಲಿಯೋದು?"

ಓದುಗ ಸೋದರಿಯರೇ, ಹದಿನಾಲ್ಕು ವರ್ಷದ ಮಗುವಿಗೆ ಈ ಮಾತು ಕಲಿಸಿದವರು ಯಾರು? ಯಾವ ಪಠ್ಯಪುಸ್ತಕದಲ್ಲೂ ಇದಿಲ್ಲ. ಬೆಳಿಗ್ಗೆ ಐದಕ್ಕೆದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ನಾವು, "ನನ್ನದೇನಿದೆ ಬಿಡಿ" ಎನ್ನುವ ನಾವು, ಅದನ್ನು ಕಲಿಸಿದ್ದೇವೆ. ತನ್ನ ಕೂಲಿಯನ್ನು ಸೊನ್ನೆ ಎಂದು ಬರೆಯುವ ಹುಡುಗಿ ನಾಳೆ ತನ್ನ ಅಂಗಡಿಯನ್ನು ಭಾವನ ಹೆಸರಿಗೆ ಬರೆಯಲು ಹಿಂದೆಮುಂದೆ ನೋಡುವುದಿಲ್ಲ.

ನೀವು ಹೊಲಿಯುತ್ತಿರಬಹುದು, ಹಪ್ಪಳ ಮಾಡುತ್ತಿರಬಹುದು, ಬ್ಯೂಟಿ ಪಾರ್ಲರ್ ಇಟ್ಟಿರಬಹುದು. ದೊಡ್ಡ ಉಪದೇಶ ಮಾಡುವುದಿಲ್ಲ. ನಾನು ಇತ್ತೀಚೆಗೆ ಕೇಳಿ, ಓದಿ, ಓಡಾಡಿ ತಿಳಿದ ನಾಲ್ಕು ಮಾತು ಹೇಳುತ್ತೇನೆ. ಬಾಡಿಗೆ ಕರಾರು, ಪುರಸಭೆಯ ಉದ್ದಿಮೆ ಪರವಾನಗಿ, ಬ್ಯಾಂಕಿನ ಖಾತೆ, ಈ ಮೂರೂ ನಿಮ್ಮ ಹೆಸರಿನಲ್ಲಿರಲಿ. 2020ರ ಜುಲೈನಿಂದ ಕೇಂದ್ರ ಸರ್ಕಾರದ 'ಉದ್ಯಮ್' ನೋಂದಣಿ ಇದೆ. ಆಧಾರ್ ಜೊತೆಗೆ ಪ್ಯಾನ್ ಕಾರ್ಡೂ ಬೇಕು, ಅದಕ್ಕೆ ಸರ್ಕಾರಿ ಶುಲ್ಕವಿಲ್ಲ. ಅಂಗಡಿಯ ಹೆಸರನ್ನೂ ನಿಮ್ಮದಾಗಿ ಕಾಪಾಡಿಕೊಳ್ಳಬಹುದು, ಅದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯಿದೆ ಇದೆ. ವ್ಯಕ್ತಿಯೊಬ್ಬರು ಕಂಪ್ಯೂಟರ್ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ಉಡುಪಿಗೆ 25ನೇ ವರ್ಗ. ಒಮ್ಮೆ ನೋಂದಣಿಯಾದರೆ ಹತ್ತು ವರ್ಷ, ಆಮೇಲೆ ನವೀಕರಿಸಬಹುದು. ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆಯೂ ಅಲ್ಲ ಅದು. ಹೆಸರು ಕಳೆದುಕೊಂಡರೆ ಅದನ್ನು ಮರಳಿ ಪಡೆಯಲು ಏನು ಬೆಲೆ ಎಂದು ಬಾರ್ಬರಾಳ ಬದುಕು ಹೇಳುತ್ತದೆ. ದಿನದ ಜಮಾಖರ್ಚು ಬರೆಯುವಾಗ ಮೊದಲ ಸಾಲಿನಲ್ಲಿ ನಿಮ್ಮ ಕೂಲಿಯನ್ನು ಬರೆಯಿರಿ. ಆಮೇಲೆ ಲಾಭ ನಷ್ಟದ ಮಾತು.

ನನ್ನ ಆ ಹಳೆಯ ವಿದ್ಯಾರ್ಥಿನಿ ಈಗ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮತ್ತೆ ಮಿಷನ್ ಹಾಕಿಕೊಂಡಿದ್ದಾಳೆ. ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಹುಡುಕಿಕೊಂಡು ಬಂದಿದ್ದಾರೆ. ಕಂಕುಳು ಕೂರಿಸುವ ಕೈ ಯಾವ ಪಾಲುಪತ್ರದಲ್ಲೂ ಹೋಗುವುದಿಲ್ಲವಲ್ಲ. ಮಗಳ ಹೆಸರನ್ನು ಮತ್ತೆ ಇಡಲು ಆಗಲಿಲ್ಲ, ಊರಿನಲ್ಲಿ ಆ ಹೆಸರಿನ ಬೋರ್ಡು ಈಗಾಗಲೇ ಇದೆ. ಲೈಸೆನ್ಸಿನ ಅರ್ಜಿ ಕೊಡಲು ಕಳೆದ ಫೆಬ್ರವರಿಯಲ್ಲಿ ಪುರಸಭೆಗೆ ಹೋದಾಗ ನಾನೂ ಜೊತೆಗೆ ಹೋದೆ. ಅವಳು ಬೇಡವೆಂದರೂ ಹೋದೆ. ಅರ್ಜಿ ತುಂಬುತ್ತ 'ಮಾಲೀಕರ ಹೆಸರು' ಎಂಬ ಸಾಲಿಗೆ ಬಂದಾಗ ಅವಳ ಪೆನ್ನು ನಿಂತಿತು. ಹಳೆಯ ಅಭ್ಯಾಸದಿಂದ ನನ್ನ ಮುಖ ನೋಡಿದಳು, ಪರೀಕ್ಷೆಯ ಹಾಲಿನಲ್ಲಿ ಮಕ್ಕಳು ನೋಡುವ ಹಾಗೆ.

"ನಿನ್ನ ಹೆಸರು ನನ್ನನ್ನು ಕೇಳಿ ಬರೀಬೇಕೇನೇ?" ಎಂದೆ.

ಬರೆದಳು. ಆಮೇಲೆ ಅರ್ಜಿಯ ಎರಡು ಜೆರಾಕ್ಸ್ ಮಾಡಿಸಿದೆವು. ಒಂದು ಅವಳ ಬೀರುವಿನಲ್ಲಿದೆ, ಇನ್ನೊಂದನ್ನು ನಾನು ಹೊಲಿಗೆ ತರಗತಿಯ ಗೋಡೆಗೆ ಅಂಟಿಸಿದ್ದೇನೆ. ಹೆಸರಿನ ಮೇಲೆ ಮಾತ್ರ ಒಂದು ಚೀಟಿ ಅಂಟಿಸಿ, ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಮ್ಮ ಹುಡುಗಿಯರು ಅದರ ಮುಂದೆ ನಿಂತು ಓದುತ್ತಾರೆ. ಅಲ್ಲಿ ಯಾರ ಹೆಸರು ಬರೆಯಬೇಕು ಎಂದು ಕೇಳಿದರೆ ಈಗ ಯಾರೂ ತಡವರಿಸುವುದಿಲ್ಲ.